ಸ್ವಿಚ್ ಬಂದ್ ಮಾಡಿದ್ದು ಯಾರು?

ಬೇರೆಯವರ ಮನೆಗಳಲ್ಲಿ ಜಗಳ ಶುರುವಾಗುವುದು "ಫ್ಯಾನು ಹಾಗೇ ಬಿಟ್ಟು ಹೋದವರು ಯಾರು?" ಎಂಬುದರಿಂದ. ಘಾಟ್ಕೋಪರಿನ ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಜಗಳ ಶುರುವಾದದ್ದು "ಬಂದ್ ಮಾಡಿದ್ದು ಯಾರು?" ಎಂಬುದರಿಂದ. ಇಂಥದ್ದು ತಿಂಗಳಿಗೊಂದಾದರೂ ನಡೆಯುತ್ತಿತ್ತು. ಉತ್ತರ ಪ್ರತಿ ಸಲವೂ ಒಂದೇ: ನಮ್ಮವರು, ಅಂದರೆ ನನ್ನ ಗಂಡ. ಒಂದೇ ಒಂದು ಸಲ ಅವರಾಗಿರಲಿಲ್ಲ. ಅದನ್ನು ಕೊನೆಗೆ ಹೇಳುತ್ತೇನೆ.

ನಾನು ಟೂರ್ ಮ್ಯಾನೇಜರ್. ಕೈಯಲ್ಲೊಂದು ಬಾವುಟ ಹಿಡಿದು, ಮುಂಬೈಯ ಮೂವತ್ತು ನಲವತ್ತು ಮಂದಿಯನ್ನು ಕೋಳಿಮರಿಗಳ ಹಾಗೆ ಎಣಿಸುತ್ತ, ಒಂದು ಏರ್‌ಪೋರ್ಟಿನಿಂದ ಇನ್ನೊಂದಕ್ಕೆ ದಾಟಿಸುವ ಕೆಲಸ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಅಂತ ನನ್ನ ಅವ್ವನೇ ಹೇಳುತ್ತಿದ್ದಳು. ನಮ್ಮವರು ಕುರ್ಲಾದ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಧಾರವಾಡದಿಂದ ರೈಲು ಹತ್ತಿ ಮುಂಬೈಯಲ್ಲಿ ಇಳಿದದ್ದೇ ತಮ್ಮ ಪಾಲಿನ ಪ್ರಯಾಣವೆಲ್ಲ ಮುಗಿದಂತೆ ಎಂದು ಕೂತವರು. ಮಕ್ಕಳಿಲ್ಲ. ಹಾಗಾಗಿ ನಾನು ಊರೂರು ತಿರುಗುವಾಗ ಅವರ ಜೊತೆ ಮನೆಯಲ್ಲಿದ್ದದ್ದು ಟಿವಿ, ಮಿಕ್ಸಿ, ಚಾರ್ಜರು, ಅಷ್ಟೇ. ಅವುಗಳನ್ನೂ ಅವರು ನಂಬುತ್ತಿರಲಿಲ್ಲ.

ಕಳ್ಳರ ಪರಿಚಯ

ಮನೆಗೆ ರಿಮೋಟಿನ ಟಿವಿ ಬಂದ ಹೊಸತು. ಸಿಂಗಾಪುರದಿಂದ ಬಂದವಳು ಕಾಲು ಚಾಚಿ ಕೂತು ಸೀರಿಯಲ್ ನೋಡಿದೆ, ರಿಮೋಟ್ ಒತ್ತಿ ಎದ್ದೆ. ಇವರು ನನ್ನ ಕೈ ಹಿಡಿದು ಮತ್ತೆ ಕೂರಿಸಿದರು. ಮದುವೆಯಾದಾಗಿನಿಂದ ಅವರು ಹಾಗೆ ಕೈ ಹಿಡಿದದ್ದು ಅಪರೂಪ. ನಾನೂ ಏನೋ ಅಂದುಕೊಂಡೆ.

"ಅಲ್ಲೆ ಕೆಳಗ ನೋಡು. ಏನ್ ಕಾಣ್ತದ?"

"ಕೆಂಪು ಚುಕ್ಕಿ."

"ಟಿವಿ ಬಂದ್ ಆಗೇದೋ, ಚಾಲೂ ಅದೋ?"

"ಬಂದ್ ಮಾಡೇನಲ್ರೀ."

"ಬಂದ್ ಆದ್ರ ಇದ್ಯಾಕ ಎಚ್ಚರದ? ಯಾರರ ಯಾವಾಗರ ರಿಮೋಟ್ ಒತ್ತಿಯಾರು ಅಂತ ಇಡೀ ದಿನ ಕರೆಂಟ್ ತಿಂದು ಕಾಯ್ಕೋತ ಕೂತಿರ್ತದ. ಇದು ಕಳ್ಳ."

ಆಮೇಲೆ ಮನೆ ತುಂಬ ಕರೆದೊಯ್ದು ಉಳಿದ ಕಳ್ಳರನ್ನೂ ತೋರಿಸಿದರು. ಫೋನಿಲ್ಲದ ಚಾರ್ಜರಿನ ಮೇಲೆ ನನ್ನ ಅಂಗೈ ಇಟ್ಟು, "ಬೆಚ್ಚಗದ ಇಲ್ಲೋ? ಉಣ್ಣಲಿಕತ್ತದ" ಎಂದರು. ಕಳ್ಳನನ್ನು ಗುರುತಿಸಲು ಮೂರು ನಿಯಮ. ಸದ್ದಿರಬಾರದು, ಕೆಂಪು ದೀಪ ಉರಿಯುತ್ತಿರಬೇಕು, ಮುಟ್ಟಿದರೆ ಬೆಚ್ಚಗಿರಬೇಕು. ಮೂರೂ ಕೂಡಿತೋ, ಗೋಡೆಯ ಸ್ವಿಚ್ ಬಂದ್.

ದುಡ್ಡಿನ ಮಾತಾಗಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಇವರ ತಕರಾರು ದುಡ್ಡಿನದಲ್ಲ. ಕೆಲಸವಿಲ್ಲದೆ ಸುಮ್ಮನೆ ಯಾರಿಗೋ ಕಾಯುತ್ತ ಕೂರುವುದನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಮೈಕ್ರೋವೇವ್ ತಂದೆವು. ದಿನಕ್ಕೆ ನಾಲ್ಕು ಸಲ ಅದರ ಸ್ವಿಚ್ ತೆಗೆಯುತ್ತಿದ್ದರಿಂದ ಅದರ ಗಡಿಯಾರ ಯಾವಾಗಲೂ ಹನ್ನೆರಡು ತೋರಿಸುತ್ತ ಕಣ್ಣು ಮಿಟುಕಿಸುತ್ತಿತ್ತು. ವಡಾಲದಲ್ಲಿರುವ ನನ್ನ ನಾದಿನಿ ಬಂದವಳು ಅದನ್ನೇ ದಿಟ್ಟಿಸಿದಳು.

"ವೈನಿ, ಹೋದ ದೀಪಾವಳಿಗೆ ಬಂದಾಗೂ ಇದರಾಗ ಹನ್ನೆರಡ ಆಗಿತ್ತು."

"ನಿಮ್ಮಣ್ಣನ ಮನಿಯೊಳಗ ಒಂದು ಹೊಡಿಯೋ ಧೈರ್ಯ ಯಾವ ಗಡಿಯಾರಕ್ಕದ?" ಎಂದೆ.

ಬಾಗಿಲ ಬಳಿಯ ಟಾರ್ಚು

ನನಗೆ ಬೇಕಾಗಿದ್ದದ್ದು ಬಹಳವೇನಲ್ಲ. ಬೇರೆ ದೇಶದ ಹೋಟೆಲುಗಳಲ್ಲಿ ಕೋಣೆಯ ಬಾಗಿಲು ತೆರೆದರೆ ಟಿವಿ ತಾನಾಗಿ ಹೊತ್ತಿಕೊಂಡು, ಪರದೆಯ ಮೇಲೆ ನನ್ನ ಹೆಸರು ಬರೆದು ಸ್ವಾಗತ ಹೇಳುತ್ತಿತ್ತು. ಕೂಲಿಗೆ ಇಟ್ಟ ಸ್ವಾಗತ, ಇರಲಿ. ನನ್ನ ಸ್ವಂತ ಮನೆಗೆ ಸಂಜೆ ಏಳಕ್ಕೆ ಬಂದು ಬೀಗ ತೆಗೆದರೆ ಕಗ್ಗತ್ತಲು. ಇವರು ಸೆಕೆಂಡ್ ಶಿಫ್ಟಿಗೆ ಹೋಗಿರುತ್ತಿದ್ದರು, ಹೋಗುವ ಮುಂಚೆ ಕರೆಗಂಟೆಯ ಗುಂಡಿಯಲ್ಲಿನ ಸಾಸಿವೆಕಾಳಿನಷ್ಟು ದೀಪವನ್ನೂ ಬಿಡದೆ ಕೊಂದಿರುತ್ತಿದ್ದರು. ಚಪ್ಪಲಿ ಸ್ಟ್ಯಾಂಡಿಗೆ ಮೊಣಕಾಲು ಬಡಿದಾಗಲೇ ನಾನು ಭಾರತಕ್ಕೆ ಬಂದು ಮುಟ್ಟಿದ್ದು ಖಾತ್ರಿಯಾಗುತ್ತಿತ್ತು.

"ಒಂದೇ ಒಂದು ದೀಪ ಬಿಟ್ಟು ಹೋಗ್ರಿ" ಎಂದೆ. "ಟಿವಿದಾದ್ರೂ ಸಾಕು. ನಾ ಬರೋತನಕ ಮನಿಯೊಳಗ ಏನರ ಒಂದು ನನಗಾಗಿ ಎಚ್ಚರ ಇರಲಿ."

"ನೀ ಬರೋದು ಹದಿನೈದು ದಿನಕ್ಕ. ಅಲ್ಲೀತನಕ ಅದು ಯಾರ ಸಲುವಾಗಿ ಉರೀಬೇಕು?"

"ನನ್ನ ಸಲುವಾಗಿ."

"ನೀ ಇಲ್ಲೆ ಇರೂದೇ ಇಲ್ಲಲ್ಲ!"

ಹಾಗಂದರೂ ನನ್ನ ಮಾತು ಅವರ ಮನಸ್ಸಿಗೆ ತಾಕಿರಬೇಕು. ಮುಂದಿನ ಸಲ ಬಂದಾಗ ಬಾಗಿಲ ಪಕ್ಕದ ಮೊಳೆಗೆ ಒಂದು ಟಾರ್ಚು ನೇತು ಹಾಕಿತ್ತು. ತಡಕಾಡಿ ಹಿಡಿದು ಗುಂಡಿ ಒತ್ತಿದೆ. ಹೊತ್ತಲಿಲ್ಲ. ಅಲುಗಿಸಿದೆ, ಹಗುರ. ತಿರುಪಿ ತೆಗೆದರೆ ಒಳಗೆ ಖಾಲಿ. ಅದರ ಪಕ್ಕದಲ್ಲೇ ಕಾಗದದ ಒಂದು ಪೊಟ್ಟಣ ಕೈಗೆ ತಾಗಿತು. ಅದರಲ್ಲಿ ಎರಡು ಸೆಲ್ಲು, ಒಂದು ಚೀಟಿ.

ಚೀಟಿಯಲ್ಲಿ ಬರೆದಿದ್ದರು: "ಒಳಗ ಇಟ್ರ ಸೆಲ್ ಸುಮ್ನ ಸೋರತಾವ. ಅದಕ್ಕ ತೆಗೆದು ಬಾಜೂಕ ಇಟ್ಟೇನಿ. ಉಬ್ಬಿದ ಕಡೆ ಮುಂದ ಮಾಡಿ ಹಾಕ್ಕೋ."

ಅದನ್ನು ನಾನು ಓದಿದ್ದು ಗೋಡೆ ತಡಕಾಡಿ, ಒಳಗಿನ ಲೈಟಿನ ಸ್ವಿಚ್ ಸಿಕ್ಕ ಮೇಲೆ.

ಪ್ರತಿ ಕಣಿವೆಗೂ ಒಂದು ನಮಸ್ಕಾರ

ಅವರು ರಿಟೈರ್ ಆದ ಮೇಲೆ ಹಟ ಮಾಡಿ ಒಮ್ಮೆ ನನ್ನ ಗುಂಪಿನ ಜೊತೆ ಸ್ವಿಟ್ಜರ್ಲೆಂಡಿಗೆ ಕರೆದೊಯ್ದೆ. ಮುಂಬೈಯ ಮಂದಿ ಹಿಮ ನೋಡಲು ಹೋದರೂ ಊಟ ಮಾತ್ರ ಮನೆಯದೇ ಬೇಕು. ನಮ್ಮ ಅಡುಗೆಯವರು ಸಿಹಿಮೊಸರಿನ ಶ್ರೀಖಂಡದ ಡಬ್ಬಿಗಳನ್ನು ನನ್ನ ಕೋಣೆಯ ಪುಟ್ಟ ಫ್ರಿಜ್ಜಿನಲ್ಲಿ ಜೋಡಿಸಿಟ್ಟು ಹೋದರು.

ನಮ್ಮವರು ಕೋಣೆಯ ಕಿಟಕಿ ತೆರೆದು ಬೆಟ್ಟ ನೋಡಲಿಲ್ಲ. ಮಂಡಿಯೂರಿ ಪ್ಲಗ್ಗು ಹುಡುಕಿದರು. ಕಪಾಟಿನೊಳಗೆ ಒಂದು ಪೆಟ್ಟಿಗೆ. ಸದ್ದಿಲ್ಲ. ಕೆಂಪು ದೀಪ. ಹಿಂಬದಿ ಮುಟ್ಟಿದರೆ ಬೆಚ್ಚಗೆ. ಮೂರೂ ಕೂಡಿತು.

ಮರುದಿನ ಬೆಳಿಗ್ಗೆ ಪೂರಿಯ ಜೊತೆ ಶ್ರೀಖಂಡ. ಸ್ವಲ್ಪ ಹುಳಿ ಇತ್ತು, ಕೇಸರಿ ಹೆಚ್ಚಾಗಿರಬೇಕು ಎಂದು ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ಹತ್ತು ಗಂಟೆಗೆ ಬಸ್ಸು ಬೆಟ್ಟ ಹತ್ತತೊಡಗಿತು. ಹತ್ತೂವರೆಯಿಂದ ನಿಲ್ಲತೊಡಗಿತು. ಆ ದಿನ ನಮ್ಮ ಗುಂಪು ಇಳಿದು ಓಡದ ತಿರುವು ಆ ದಾರಿಯಲ್ಲಿ ಒಂದೂ ಉಳಿಯಲಿಲ್ಲ. ಎಂಟನೆಯ ಸಲ ನಿಂತಾಗ ಡ್ರೈವರ್ ನನ್ನನ್ನು ಬಹಳ ಮರ್ಯಾದೆಯಿಂದ ಕೇಳಿದ: "ಮೇಡಂ, ಪ್ರತಿ ಕಣಿವೆಗೂ ಇಳಿದು ನಮಸ್ಕಾರ ಮಾಡುವುದು ನಿಮ್ಮ ಧರ್ಮದಲ್ಲಿದೆಯೇ?"

"ಇದೆ" ಎಂದೆ. ಮತ್ತೇನು ಹೇಳಲಿ?

ಸಂಜೆ ಕೋಣೆಗೆ ಬಂದು ಫ್ರಿಜ್ಜು ನೋಡಿದೆ. "ಬಂದ್ ಮಾಡಿದ್ದು ಯಾರು?" ಉತ್ತರ ಹಾಸಿಗೆಯ ಅಂಚಿನಲ್ಲಿ ತಲೆ ತಗ್ಗಿಸಿ ಕೂತಿತ್ತು.

"ಫ್ರಿಜ್ ಕಳ್ಳ ಅಲ್ಲ" ಎಂದರು ಕಡೆಗೆ. "ಅದು ಸದ್ದಿಲ್ಲದ ದುಡೀತದ. ಸುಮ್ನದ ಅಂದ್ರ ದಣಿವಾರಿಸಿಕೊಳ್ಳಲಿಕತ್ತದ ಅಂತ ತಿಳೀಬೇಕು. ನನಗ ಗೊತ್ತಿತ್ತು ಇದು. ಪರದೇಶಕ್ಕ ಬಂದು ತಲಿ ಕೆಟ್ಟಿತು."

ಹೀಗೆ ಮೂರು ನಿಯಮಕ್ಕೆ ನಾಲ್ಕನೆಯದು ಸೇರಿತು: ತಣ್ಣಗೆ ಮಾಡುವ ಯಂತ್ರಕ್ಕೆ ಮಾಫಿ. ಆದರೆ ಈ ನಾಲ್ಕನೆಯದನ್ನು ಹೇಳಬೇಕಾದರೆ ಶ್ರೀಖಂಡದ ಕಥೆಯನ್ನೂ ಹೇಳಬೇಕಲ್ಲ. ಮುಂಬೈಗೆ ಬಂದ ಮೇಲೆ ಅದನ್ನು ಅವರು ಯಾರಿಗೂ ಹೇಳಲಿಲ್ಲ. ಇಷ್ಟು ನೆನಪಿರಲಿ.

ಗಸ್ತು

ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಗುಜರಾತಿ, ಸೀರೆ ಅಂಗಡಿಯವರು, ನಮ್ಮವರದೇ ವಯಸ್ಸು. ಇಬ್ಬರಿಗೂ ಮೊದಲು ಆಗುತ್ತಿರಲಿಲ್ಲ. ಕಾರಣ ಗೇಟಿನ ಬಳಿಯ ಸಿಸಿಟಿವಿ ಪೆಟ್ಟಿಗೆ. ಸದ್ದಿರಲಿಲ್ಲ, ಕೆಂಪು ದೀಪ ಇತ್ತು, ಬೆಚ್ಚಗೂ ಇತ್ತು. ಮರುದಿನ ಸೆಕ್ರೆಟರಿಯ ಸ್ಕೂಟರೇ ಇಲ್ಲ.

"ಭಾಯ್‌ಸಾಬ್, ಕಳ್ಳನನ್ನು ಹಿಡಿಯಲಿ ಅಂತ ಕ್ಯಾಮೆರಾ ಇಟ್ಟರೆ ನೀವು ಕ್ಯಾಮೆರಾವನ್ನೇ ಹಿಡಿದಿರಲ್ಲ!" ಎಂದು ಹಿಂದಿಯಲ್ಲಿ ಕೂಗಾಡಿದರು.

"ಸದ್ದಿಲ್ಲದೆ ಕೂತಿತ್ತು ಅದು" ಎಂದರು ಇವರು.

"ಸ್ಕೂಟರೂ ಸದ್ದಿಲ್ಲದೆಯೇ ಹೋಯಿತು!"

ಎರಡು ತಿಂಗಳು ಮಾತಿಲ್ಲ. ಆಮೇಲೆ ಸೆಕ್ರೆಟರಿಯ ಹೆಂಡತಿ ತೀರಿಕೊಂಡರು. ಮನೆಯಲ್ಲಿ ಸದ್ದಿರಲಿ ಎಂದು ಆ ಮನುಷ್ಯ ಬೆಳಗಿನಿಂದ ಸಂಜೆಯವರೆಗೆ ಟಿವಿ ಹಚ್ಚಿಟ್ಟು, ಅದರ ಕಡೆ ಬೆನ್ನು ಮಾಡಿ ಕೂರುತ್ತಿದ್ದರಂತೆ. ನಮ್ಮವರು ಅದನ್ನು ಬಂದ್ ಮಾಡಿಸಲೆಂದು ಹೋದವರು ಚಹಾ ಕುಡಿದು ಬಂದರು. ಮರುದಿನವೂ ಹೋದರು. ಯಾವ ದಿನ ಅದು ಸ್ನೇಹವಾಯಿತೋ ನನಗೆ ತಿಳಿಯದು, ನಾನು ಕೈರೋದಲ್ಲಿದ್ದೆ.

ತಿರುಗಿ ಬರುವಷ್ಟರಲ್ಲಿ ದಿನಾ ಸಂಜೆ ಇಬ್ಬರ ಗಸ್ತು ಶುರುವಾಗಿತ್ತು. ಮೆಟ್ಟಿಲು ಮೆಟ್ಟಿಲಿಗೆ ನಿಂತು, ಮೀಟರಿನ ಕೋಣೆ, ಪಂಪಿನ ಕೋಣೆ, ಕ್ಲಬ್ಬಿನ ಕೋಣೆ ಎಲ್ಲ ಮುಟ್ಟಿ ಮುಟ್ಟಿ ನೋಡುವುದು. ಸೆಕ್ರೆಟರಿ ಬೆರಳು ಮಾಡಿ ತೋರಿಸಬೇಕು, ಬಂದ್ ಮಾಡುವುದು ಮಾತ್ರ ನಮ್ಮವರು. ಸ್ವಿಚ್ಚಿಗೆ ಕೈ ಹಚ್ಚುವಷ್ಟು ವಿದ್ಯೆ ಶಿಷ್ಯನಿಗಿನ್ನೂ ಬಂದಿಲ್ಲವೆಂದು ಗುರುವಿನ ಅಭಿಪ್ರಾಯ.

ಒಂದು ಸಂಜೆ ಶಿಷ್ಯ ಲಿಫ್ಟಿನ ಕಡೆ ಬೆರಳು ಮಾಡಿದರು. ಸದ್ದಿಲ್ಲದೆ ನಿಂತಿತ್ತು, ಕೆಂಪು ದೀಪ ಉರಿಯುತ್ತಿತ್ತು. ಗುರು ಬಂದ್ ಮಾಡಿದರು. ಮೂರನೆಯ ಮಹಡಿಯ ಅಜ್ಜಿ ತರಕಾರಿ ಚೀಲದ ಸಮೇತ ಒಳಗಿದ್ದರು. ಆಮೇಲೆ ಎದ್ದ ಸದ್ದು ಸ್ಟೇಷನ್ನಿನವರೆಗೂ ಕೇಳಿಸಿತೆಂದು ಹೇಳುತ್ತಾರೆ.

ಎದೆಯೊಳಗೊಬ್ಬ

ಹೋದ ವರ್ಷ ನಮ್ಮವರು ಅದೇ ಮೆಟ್ಟಿಲ ಮೇಲೆ ಕುಸಿದರು. ಎದೆಬಡಿತ ನಡುನಡುವೆ ತಪ್ಪುತ್ತಿದೆ, ಪೇಸ್‌ಮೇಕರ್ ಹಾಕಬೇಕು ಎಂದರು ಡಾಕ್ಟರು. ಹಾಕಿಯೂ ಆಯಿತು. ಬಿಡುಗಡೆಯ ದಿನ ಇವರು ಡಾಕ್ಟರನ್ನು ಕೂರಿಸಿಕೊಂಡರು.

"ಇದು ಇಡೀ ದಿನ ಕೆಲಸ ಮಾಡ್ತದೇನು?"

"ಇಲ್ಲ ಕಾಕಾ. ಸುಮ್ಮನೆ ನೋಡ್ತಾ ಇರುತ್ತೆ. ನಿಮ್ಮ ಬಡಿತ ತಪ್ಪಿದಾಗ ಮಾತ್ರ ಕೆಲಸ."

"ಉಳಿದ ಹೊತ್ತು?"

"ಕಾಯುತ್ತೆ."

ನಮ್ಮವರ ಮುಖ ಬಾಡಿತು. "ಬ್ಯಾಟರಿ ತಿಂದುಕೋತ?"

"ಹತ್ತು ವರ್ಷ ಬರುತ್ತೆ ಕಾಕಾ, ಚಿಂತೆ ಮಾಡಬೇಡಿ."

"ಸ್ವಿಚ್ ಎಲ್ಲದ?"

ಡಾಕ್ಟರು ನನ್ನ ಮುಖ ನೋಡಿದರು. ಅದಕ್ಕೆ ಸ್ವಿಚ್ಚೇ ಇರುವುದಿಲ್ಲ ಎಂದು ಅವರಿಗೆ ನಂಬಿಸಲು ಕಾಲು ತಾಸು ಬೇಕಾಯಿತು. ಮನೆಗೆ ಬಂದು ಅಂಗಿಯೊಳಗೆ ಅಂಗೈ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದರು.

"ಬೆಚ್ಚಗದ" ಎಂದರು ಬೇಸರದಿಂದ.

"ಅದು ನೀವು" ಎಂದೆ.

ನಾನು ಟೂರುಗಳನ್ನು ಬಿಟ್ಟು ಮನೆಯಲ್ಲೇ ಇರುತ್ತೇನೆಂದೆ. ಅವರು ಕೇಳಲಿಲ್ಲ. "ನನಗ ಏನರ ಆದೀತು ಅಂತ ನೀ ಇಲ್ಲೆ ಕಾಯ್ಕೋತ ಕೂತಿ ಅಂದ್ರ ನೀನೂ ಅದರ ಜಾತೀನ. ಕೆಲಸ ಇದ್ದಾಕಿ, ಹೋಗು." ಹೋದೆ. ಬಾಗಿಲ ಬಳಿ ನಿಂತು ನಾನು, "ಈ ಸಲನಾದ್ರೂ ಒಂದು ದೀಪ..." ಎಂದರೆ, "ಟಾರ್ಚ್ ಅದಲ್ಲ" ಎಂದರು. ಅದೇ ಕೊನೆಯ ಮಾತು. ಜಗತ್ತಿನಲ್ಲಿ ಗಂಡಂದಿರು ಹೇಳಿದ ಕೊನೆಯ ಮಾತುಗಳಲ್ಲಿ ಇದಕ್ಕಿಂತ ಒಣಕಲಾದದ್ದು ಇರಲಾರದು.

ಗಾಜಿನ ಪೆಟ್ಟಿಗೆ

ಟಿಬಿಲಿಸಿ ಎಂಬ ದೂರದೇಶದ ಊರಿನಲ್ಲಿ ಗುಂಪಿಗೆ ಊಟ ಬಡಿಸುತ್ತಿದ್ದಾಗ ವಡಾಲದ ನಾದಿನಿಯ ಫೋನು ಬಂತು. "ವೈನಿ, ಅಣ್ಣ ಹೋದ" ಎಂದಳು, ಅಷ್ಟೇ. ಮಧ್ಯಾಹ್ನ ಕುರ್ಚಿಯಲ್ಲಿ ಕೂತಲ್ಲೇ. ಬೆಂಕಿಗೆ ಬಿದ್ದರೆ ಸಿಡಿಯುತ್ತದೆಂದು ದಹನಕ್ಕೆ ಮುಂಚೆ ಪೇಸ್‌ಮೇಕರ್ ತೆಗೆಯಲೇಬೇಕಂತೆ. ಡಾಕ್ಟರು ಬಂದು ಅದನ್ನು ತೆಗೆದು, ಹತ್ತಿಯಲ್ಲಿ ಸುತ್ತಿ ಬಾಜೂಕ್ಕೆ ಇಟ್ಟು ಹೋಗಿದ್ದರು. ಬ್ಯಾಟರಿ ಇನ್ನೂ ಒಂಬತ್ತು ವರ್ಷಕ್ಕೆ ಸಾಕಿತ್ತು.

ಧಾರವಾಡದಿಂದ ನಮ್ಮವರ ಕಡೆಯ ಹಿರಿಯರೊಬ್ಬರು ಬಂದವರೇ, ಇಷ್ಟು ಹೊತ್ತು ಇಡಬಾರದು, ಎತ್ತಿಬಿಡೋಣ ಎಂದರಂತೆ. ನಾದಿನಿ ಬಾಗಿಲಿಗೆ ಅಡ್ಡ ಕೂತಳು. "ನಮ್ಮ ವೈನಿ ಬಂದು ಅಣ್ಣನ ಮಾರಿ ನೋಡೋತನಕ ಎತ್ತಂಗಿಲ್ಲ." ಎಲ್ಲಿಂದಲೋ ಬಾಡಿಗೆಗೆ ಐಸ್ ಬಾಕ್ಸ್ ತರಿಸಿದಳು. ಉದ್ದನೆಯ ಪೆಟ್ಟಿಗೆ, ಮೇಲೆ ಗಾಜಿನ ಮುಚ್ಚಳ, ಕೆಳಗೆ ಫ್ರಿಜ್ಜಿನಂಥ ಮೋಟರು. ನನ್ನನ್ನು ಸಮಾಧಾನ ಮಾಡಲು ತಾಸಿಗೊಮ್ಮೆ ಸುದ್ದಿ ಕಳಿಸುತ್ತಿದ್ದಳು: "ಮಾರಿ ಚಲೋ ಅದ ವೈನಿ. ಸಾವಕಾಶ ಬರ್ರಿ."

ಎರಡು ವಿಮಾನ, ನಡುವೆ ಆರು ತಾಸು ಕಾಯುವುದು. ವರ್ಷಗಟ್ಟಲೆ ಊರಮಂದಿಯನ್ನು ಸರಿಯಾದ ಗೇಟಿಗೆ ಮುಟ್ಟಿಸಿದವಳು ಅವತ್ತು ನಾನೇ ಬೇರೆ ಗೇಟಿನ ಮುಂದೆ ಕೂತಿದ್ದೆ. ಒಂದೇ ಲೆಕ್ಕ ತಲೆಯಲ್ಲಿ: ಅವರ ಮುಖ ನೋಡಲು ಸಿಕ್ಕೀತೇ, ಇಲ್ಲವೇ?

ಮರುದಿನ ಮಟಮಟ ಮಧ್ಯಾಹ್ನ ಮನೆ ಮುಟ್ಟಿದೆ. ಬಾಗಿಲು ತೆರೆದೇ ಇತ್ತು. ಮೊಳೆಯಲ್ಲಿ ಟಾರ್ಚು, ಅದರ ಪಕ್ಕ ಪೊಟ್ಟಣ. ಹಾಲಿನ ತುಂಬ ಮಂದಿ. ಪೆಟ್ಟಿಗೆಯ ತಲೆಯ ಕಡೆ ಸೆಕ್ರೆಟರಿ ಕುರ್ಚಿ ಹಾಕಿಕೊಂಡು ಕೂತಿದ್ದರು, ನಿನ್ನೆಯಿಂದ ಎದ್ದಿಲ್ಲ ಎಂದು ಯಾರೋ ಹೇಳಿದರು. ನಾದಿನಿ ನನ್ನನ್ನು ತಬ್ಬಿ ಹಿಡಿದು ಮುಂದೆ ಕರೆದೊಯ್ದಳು. ಬಗ್ಗಿ ನೋಡಿದೆ.

ಗಾಜು ಬೆಳ್ಳಗಿತ್ತು. ಒಳಗೆಲ್ಲ ಹಬೆ ಕಟ್ಟಿ ಏನೂ ಕಾಣುತ್ತಿರಲಿಲ್ಲ. ಊರು ಬಂದಿದೆ, ಮೋಡ ಬಿಡುತ್ತಿಲ್ಲ ಎಂದು ಮೇಲೆಯೇ ಸುತ್ತುವ ವಿಮಾನದಲ್ಲಿ ಕೂತ ಹಾಗಾಯಿತು. ಓಢಣಿಯಿಂದ ಒರೆಸಿದೆ. ಹೋಗಲಿಲ್ಲ, ಹಬೆ ಇದ್ದದ್ದು ಒಳಮೈಗೆ. ಪೆಟ್ಟಿಗೆಯ ಬದಿ ನೋಡಿದೆ. ಒಂದು ದೀಪವೂ ಇಲ್ಲ.

"ಬಂದ್ ಮಾಡಿದ್ದು ಯಾರು?"

ಬಾಯಿ ತಾನಾಗಿ ಕೇಳಿಬಿಟ್ಟಿತು. ನಾನು, ನಾದಿನಿ, ಸೊಸೈಟಿಯ ಅರ್ಧ ಮಂದಿ, ಎಲ್ಲರೂ ರೂಢಿಯಿಂದ ಪೆಟ್ಟಿಗೆಯೊಳಗಿನವರನ್ನೇ ನೋಡಿದೆವು. ಈ ಸಲ ಅವರ ಮೇಲೆ ಹಾಕುವಂತಿರಲಿಲ್ಲ.

ಸೆಕ್ರೆಟರಿ ನಿಧಾನಕ್ಕೆ ಎದ್ದು ನಿಂತರು. ಕಣ್ಣು ಕೆಂಪಾಗಿತ್ತು.

"ಭಾಭಿ, ನಾನು."

"ಯಾಕೆ?"

"ಬಹಳ ಹೊತ್ತು ಸದ್ದು ಮಾಡುತ್ತಿತ್ತು. ಆಮೇಲೆ ಸುಮ್ಮನಾಯಿತು. ಕೆಂಪು ದೀಪ ಮಾತ್ರ ಉರಿಯುತ್ತಿತ್ತು. ಮುಟ್ಟಿ ನೋಡಿದೆ, ಬೆಚ್ಚಗಿತ್ತು." ಅವರು ಪೆಟ್ಟಿಗೆಯ ಕಡೆ ಕೈ ಮಾಡಿದರು. "ಭಾಯ್‌ಸಾಬ್ ಎದುರಿಗೇ ಇರುವಾಗ ಹಾಗೇ ಬಿಡಲು ಮನಸ್ಸಾಗಲಿಲ್ಲ. ಎಲ್ಲರೂ ಅಳುತ್ತಿದ್ದರು, ಅವರಿಗಾಗಿ ಇಷ್ಟಾದರೂ ಮಾಡೋಣ ಅಂತ. ಅರ್ಧ ತಾಸಾಯಿತು ಅಷ್ಟೇ."

ನಾಲ್ಕನೆಯ ನಿಯಮ ಸ್ವಿಟ್ಜರ್ಲೆಂಡಿನಲ್ಲೇ ಉಳಿದುಬಿಟ್ಟಿತ್ತು. ಇಷ್ಟು ವರ್ಷ ಬರೀ ಬೆರಳು ಮಾಡಿ ತೋರಿಸಿದ ಶಿಷ್ಯ ಮೊದಲ ಸಲ ಸ್ವಂತ ಕೈಯಿಂದ ಒಂದು ಸ್ವಿಚ್ ತೆಗೆದಿದ್ದರು, ಅದೂ ಗುರುವಿನದೇ.

ನಾದಿನಿ ಓಡಿ ಹೋಗಿ ಸ್ವಿಚ್ ಹಾಕಿದಳು. ಮೋಟರು ಗುರ್ರೆಂದು ಎದ್ದಿತು. ಮುಚ್ಚಳ ಸರಿಸಿದರು. ಒಳಗೆ ನಮ್ಮವರು, ಇದ್ದ ಹಾಗೆಯೇ. ಲಿಫ್ಟು ಬಂದ್ ಮಾಡಿದ ದಿನಗಳಲ್ಲಿ ನಾಲ್ಕು ಮಹಡಿ ಹತ್ತಿ ಬಂದಾಗ ಇರುತ್ತಿತ್ತಲ್ಲ, ಹಣೆಯ ತುಂಬ ಸಣ್ಣ ಸಣ್ಣ ಹನಿ. ಒರೆಸಿದೆ. ಒರೆಸುತ್ತ ಒರೆಸುತ್ತ ನಗು ಬಂತು. ತಡೆಯಲು ಆಗಲಿಲ್ಲ. ಧಾರವಾಡದ ಹಿರಿಯರು, "ದುಃಖ ತಲಿಗೇರೇದ, ನೀರ್ ಕೊಡ್ರಿ ಆಕಿಗೆ" ಎಂದು ಗದರಿದರು. ನೀರು ಕುಡಿದೆ, ಮತ್ತೆ ನಕ್ಕೆ.

ಅವರು ಇದ್ದಷ್ಟು ದಿನ ಕೇಳಿ ಕೇಳಿ ಸಾಕಾಗಿತ್ತು. ಕಡೆಗೂ ನಾನು ಬರುವ ತನಕ ಆ ಮನೆಯಲ್ಲಿ ಒಂದು ಕೆಂಪು ದೀಪ ನನ್ನ ಸಲುವಾಗಿ ಉರಿದಿತ್ತು. ನಡುವೆ ಅರ್ಧ ತಾಸು ಬಿಟ್ಟು.

ಅವರನ್ನು ಎತ್ತಿಕೊಂಡು ಗಂಡಸರು ಮೆಟ್ಟಿಲಿಳಿದರು. ಸೆಕ್ರೆಟರಿಯೂ ಹೊರಟವರು, ಬಾಗಿಲವರೆಗೆ ಹೋಗಿ ತಿರುಗಿ ಬಂದರು. ಖಾಲಿ ಪೆಟ್ಟಿಗೆಯ ಮೋಟರು ಅಷ್ಟರಲ್ಲಿ ನಿಂತಿತ್ತು. ಕೆಂಪು ದೀಪ ಮಾತ್ರ ಉರಿಯುತ್ತಿತ್ತು. ಅವರು 'ತಪ್ಪಾಯಿತು' ಎನ್ನುವ ಹಾಗೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಸ್ವಿಚ್‌ಬೋರ್ಡಿನ ಕಡೆ ನೋಡಿ, ನನ್ನ ಕಡೆ ನೋಡಿ, ಬಹಳ ಮೆಲ್ಲಗೆ ಕೇಳಿದರು:

"ಭಾಭಿ, ಈಗ ಬಂದ್ ಮಾಡಲಾ?"

ನಾನು ಪೆಟ್ಟಿಗೆಯ ಬದಿಗೆ ಅಂಗೈ ಇಟ್ಟು ನೋಡಿದೆ. ಬೆಚ್ಚಗಿತ್ತು.

"ಮಾಡಿ" ಎಂದೆ.